ಬಿಸಿಗೆ ಗಟ್ಟಿಯಾದ ಅಂಟು

ಬಿಸಿನೀರಿನಲ್ಲಿ ಇಟ್ಟ ಅಂಟು ಕರಗಲಿಲ್ಲ, ಗಟ್ಟಿಯಾಯಿತು. ತಿಳಿಯಾಗಿದ್ದದ್ದು ಕಣ್ಣೆದುರೇ ಬೆಳ್ಳಗಾಗಿ, ಕೋಲು ನೆಟ್ಟರೆ ನಿಲ್ಲುವಂತಾಯಿತು. ನಾನು ರಾಯದುರ್ಗಕ್ಕೆ ಬಂದು ಆಗ ಆರೇ ದಿನ. ಒಂದು ವಾರ ಕೆಲಸ ನೋಡಿ ಆಮೇಲೆ ಹೆಸರು ಬರೆದುಕೊಳ್ಳುತ್ತೇವೆ ಎಂದಿದ್ದರು ಕಾರ್ಖಾನೆಯವರು.

ಮಡಕಶಿರದಲ್ಲಿ ಹನ್ನೊಂದು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ತೆಗೆದವಳು ನಾನು. ಗೂಡಿನ ಅಂಟು ಬಿಸಿನೀರಿಗೇ ಮಣಿಯುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ; ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೂಲಿನ ಕೆಲಸ ನಿಂತ ಮೇಲೆ ಇಲ್ಲಿಯ ಜೀನ್ಸ್ ಕಾರ್ಖಾನೆಗೆ ಬಂದೆ. ಜೇಬಿನ ಬಟ್ಟೆಗೆ ಅಚ್ಚು ಹಾಕುವ ಬಣ್ಣಕ್ಕೆ ಅಂಟು ಕಲಸಬೇಕು. ನಮ್ಮಲ್ಲಿ ಮುದ್ದೆ, ಇಲ್ಲಿ ರೊಟ್ಟಿ. ಅದಕ್ಕೆ ಬಾಯಿ ಬೇಗ ಒಗ್ಗಿತು. ಕೈ ಒಗ್ಗಿರಲಿಲ್ಲ. ಆ ವಾರವಷ್ಟೇ ಹುಣಸೆಬೀಜದ ಹಿಟ್ಟಿನ ಬದಲು ಹೊಸ ಬಿಳಿ ಪುಡಿ ಬಂದಿತ್ತು. ಅಂದು ಬೆಳಿಗ್ಗೆ ಅಂಟು ಮಂದವಾಗಿ ಕಂಡಿತು. ಪಾತ್ರೆಯನ್ನು ಬಿಸಿನೀರಿಗೆ ಇಳಿಸಿಬಿಟ್ಟೆ.

ಮೇಸ್ತ್ರಿ ಬಂದು ಇಣುಕಿದರು. “ಏನ್ರಿ ಮಡಕಶಿರದಕ್ಕ, ಇಡ್ಲಿ ಬೇಯಿಸಾಕತ್ತೀರೇನ್ರಿ?”

“ಇಲ್ಲಣ್ಣ, ತೆಳ್ಳಗಾಗ್ಲಿ ಅಂತ ಇಕ್ಕಿದ್ದೆ.”

ಸುತ್ತಲಿನವರು ನಕ್ಕರು. ಮೇಸ್ತ್ರಿ ನಗಲಿಲ್ಲ. “ಬ್ಯಾರೆ ಪುಡಿ ಇಲ್ಲ. ಮಧ್ಯಾಹ್ನದೊಳಗ ಅಚ್ಚು ಶುರು ಆಗ್ಲಿಲ್ಲ ಅಂದ್ರ ನಾಳಿಂದ ಬರಬ್ಯಾಡ್ರಿ.”

ಅಂಟನ್ನು ಚೆಲ್ಲಲಿಲ್ಲ, ನೋಡುತ್ತ ಕುಳಿತೆ. ಕೋಲಿನಿಂದ ನೆಲದ ಕಲ್ಲಿಗೆ ಬಿದ್ದಿದ್ದ ಒಂದು ಗಡ್ಡೆ ಅಂಚಿನಿಂದ ತಿಳಿಯಾಗಿ ಹರಿಯತೊಡಗಿತ್ತು. ಕಲ್ಲು ಮುಟ್ಟಿದೆ. ತಣ್ಣಗಿತ್ತು. ಪಾತ್ರೆಯನ್ನು ತಣ್ಣೀರಿನ ತೊಟ್ಟಿಗೆ ಇಟ್ಟು ಮೂರು ಸಲ ನೀರು ಬದಲಿಸಿದೆ. ಬಿಳುಪು ಹೋಯಿತು. ತಣ್ಣೀರನ್ನೇ ಬೆರೆಸಿ ಹದಕ್ಕೆ ತಂದೆ. ಊಟದ ಹೊತ್ತಿಗೆ ಮೊದಲೇ ಅಚ್ಚು ನಡೆಯುತ್ತಿತ್ತು.

“ಯಾರು ಹೇಳಿದ್ರು?” ಎಂದರು ಮೇಸ್ತ್ರಿ.

“ಕಲ್ಲು ಹೇಳ್ತಣ್ಣ.”

ನಾನು ಬಾಡಿಗೆಗಿದ್ದ ಮನೆಯ ಒಡತಿಯ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಅವಳನ್ನು ಕೇಳಿದೆ, ಬಿಡಿಸಿ ಹೇಳಿದಳು. ಈ ಪುಡಿಯ ಅಣುಗಳು ಉದ್ದನೆಯ ಸರಪಳಿಗಳಂತೆ. ತಂಪಿನಲ್ಲಿ ನೀರು ಅವುಗಳ ಮೈಗೆ ಹತ್ತಿಕೊಂಡು ಒಂದನ್ನೊಂದು ದೂರ ಇಡುತ್ತದೆ. ಕಾದಾಗ ನೀರು ಬಿಟ್ಟುಹೋಗುತ್ತದೆ. ಆಗ ನೀರಿಗೆ ಒಗ್ಗದ ಭಾಗಗಳು ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ. ರೇಷ್ಮೆಯ ಅಂಟನ್ನು ಹಿಡಿದಿಡುವ ಕೊಂಡಿಗಳು ಬೇರೆ, ಅವು ಕಾವಿಗೆ ಸಡಿಲವಾಗುತ್ತವೆ. “ಎರಡೂ ಅಂಟೇ ಅಕ್ಕ, ಹಿಡಿಯೋ ರೀತಿ ಬ್ಯಾರೆ,” ಎಂದಳು.

ಮರುದಿನ ಮೇಸ್ತ್ರಿ ಕೆಲಸದವರ ಪಟ್ಟಿ ತೆರೆದು ನನ್ನ ಹೆಸರು ಬರೆದುಕೊಂಡು, ಊರು ಯಾವುದೆಂದು ಬರೆಯಲಿ ಎಂದರು. ರಾಯದುರ್ಗ ಎಂದೆ. ಬರೆದರು. ನಾನು ಅಲ್ಲೇ ನಿಂತೆ.

“ಮಡಕಶಿರನೂ ಬರಿಯಣ್ಣ.”

“ಎರಡು ಊರಿಗೆ ಜಾಗ ಇಲ್ರಿ.”

“ಸಣ್ಣಕ್ಕೆ ಬರಿಯಣ್ಣ, ಹಿಡೀತೈತೆ.”