ಪುಟ್ಟರಾಜಣ್ಣನ ಇಟಲಿ ದೆವ್ವ

ಹೊಳೆನರಸೀಪುರದಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ನಮ್ಮ ಪುಟ್ಟರಾಜಣ್ಣನಿಗೆ ಗಿರಾಕಿ ಎಂದರೆ ತಿದ್ದಬೇಕಾದ ಪ್ರಾಣಿ. ರಿವೈಂಡ್ ಮಾಡದೆ ತಂದ ಕ್ಯಾಸೆಟ್ಟನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಉಂಡ ಎಲೇನ ಅಂಗೇ ಬುಟ್ಟು ಎದ್ದೋಯ್ತೀರಾ ಸಾ?" ಎಂದು ಹೆಡ್‌ಮಾಸ್ಟರರನ್ನೂ ಗದರುತ್ತಿದ್ದ. ಅವನ ಅಂಗಡಿಯ ಪಟ್ಟದಾನೆ ಒಂದು ಹಳೆಯ ಇಟಲಿ ದೆವ್ವದ ಸಿನಿಮಾ. ಅಮಾವಾಸ್ಯೆಯ ದಿನ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಆಯುಧಪೂಜೆಯಲ್ಲಿ ಅದಕ್ಕೆಂದೇ ಬೇರೆ ಕುಂಬಳಕಾಯಿ ಒಡೆಯುತ್ತಿದ್ದ. ಭಾಷೆ ಯಾರಿಗೂ ತಿಳಿಯದ್ದರಿಂದ ಕಥೆಯನ್ನು ತಾನೇ ಪೂರ್ತಿ ಹೇಳಿ, ನಿಮ್ಮ ಬಸ್ ತಪ್ಪಿದ ಮೇಲಷ್ಟೇ ಕ್ಯಾಸೆಟ್ ಕೈಗಿಡುತ್ತಿದ್ದ. "ಆ ಬಿಳೀ ಬಟ್ಟೆಯೋಳು ದೆವ್ವ ಅಲ್ಲ ಕಣ್ ಸಾ, ಸತ್ತೋದ ತಾಯಿ. ಮಗಾ ಉಂಡೈತೋ ಇಲ್ವೋ ಅಂತ ನೋಡೋಕ್ ಬತ್ತಾಳೆ, ಅಷ್ಟೆ." ಅರಕಲಗೂಡು, ಚನ್ನರಾಯಪಟ್ಟಣದಿಂದ ಹೆದರಲೆಂದೇ ಬಂದು ಒಯ್ದವರು ಅತ್ತು ಹಿಂದಿರುಗಿಸುತ್ತಿದ್ದರು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ, ಹಾಸನದಲ್ಲಿ ಓದುತ್ತಿದ್ದ ಅವನ ಮಗಳು ಭವ್ಯಶ್ರೀ ಅದೇ ಸಿನಿಮಾದ ಡಿವಿಡಿ ತಂದಳು. ಅದರಲ್ಲಿ ಮಾತುಗಳೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಆ ಹೆಂಗಸು ತಾಯಿಯಲ್ಲ, ಮಕ್ಕಳ ರಕ್ತ ಕುಡಿಯುವ ಮಾಟಗಾತಿ ಎಂದು ಅವಳಿಗೂ ಪಕ್ಕದಲ್ಲಿ ಕೂತು ನೋಡುತ್ತಿದ್ದ ನನಗೂ ಒಟ್ಟಿಗೇ ತಿಳಿಯಿತು. ಇಂಗ್ಲಿಷ್ ಬಾರದ ಪುಟ್ಟರಾಜಣ್ಣ, "ಏನಂತ ಬರ್ದವ್ರವ್ವಾ?" ಎಂದ. ಮೂರನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡು, ಅಪ್ಪನ ಅಂಗಡಿಯ ಕೌಂಟರಿನ ಮೇಲೆ ಕುಳಿತು ಆ ಕಥೆ ಕೇಳುತ್ತಲೇ ಬೆಳೆದ ಹುಡುಗಿ, ರಿಮೋಟ್ ಒತ್ತಿ ಅಕ್ಷರಗಳನ್ನು ಮಾಯ ಮಾಡಿದಳು. "ನೀನ್ ಹೇಳ್ತಿದ್ದಿದ್ನೇ ಬರ್ದವ್ರೆ ಕಣಪ್ಪಾ," ಎಂದಳು. "ನೀನೇ ಹೇಳು."