ಬಲಕ್ಕೆ ತಿರುವಿದರೆ ಎಡಕ್ಕೆ ಹೋದ ದೋಣಿ

ದೋಣಿಗೆ ಬ್ರೇಕ್ ಇಲ್ಲ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಆದರೂ ಹತ್ತುವಾಗ ನಾವು ನೋಡುವುದು ಸೀಟು ಒದ್ದೆಯಾಗಿದೆಯೇ, ಫೋಟೊಕ್ಕೆ ಬೆಳಕು ಬೀಳುತ್ತದೆಯೇ ಎಂದಷ್ಟೇ. ಮೋಟಾರು ದೋಣಿಯನ್ನು ಕಾಯುವುದು ಅದರ ಸ್ಟೇರಿಂಗ್. ಆ ಚಕ್ರದಿಂದ ಹಿಂದಿನ ಎಂಜಿನ್ನಿಗೆ ಹೋಗುವುದು ಹೆಬ್ಬೆರಳ ದಪ್ಪದ ಒಂದು ಕೇಬಲ್. ಅದು ಕೈಕೊಟ್ಟರೆ ಚಕ್ರ ತಿರುಗುತ್ತದೆ, ದೋಣಿ ತಿರುಗುವುದಿಲ್ಲ. ಎದುರಿಗೆ ಕಲ್ಲು ಬಂದರೆ ದೇವರೇ ಗತಿ.

ದಾವಲಸಾಬರು ಇದನ್ನು ಮರೆಯದ ಮನುಷ್ಯ. ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗಳಲ್ಲಿ ಅರ್ಧ ಆಯುಷ್ಯ ಆಟೊ ಓಡಿಸಿದವರು. ಕುರುಗೋಡು ಹಾದಿಯ ಕೆರೆಯಲ್ಲಿ ವಿಹಾರದ ದೋಣಿ ಬಿಟ್ಟಾಗ, ಹೊಗೆ ಕುಡಿದದ್ದು ಸಾಕು, ಇನ್ನು ಗಾಳಿ ಕುಡಿಯುತ್ತೇನೆ ಎಂದು ಆಟೊ ಮಾರಿ ಬಂದರು. ಖಾಕಿ ಅಂಗಿ ಬಿಡಲಿಲ್ಲ, ಆಟೊ ಚಾಳಿಯೂ ಬಿಡಲಿಲ್ಲ. ನಡುಗೆರೆಯಲ್ಲಿ ದೋಣಿ ತಿರುಗಿಸುವಾಗಲೂ ಕೈ ಹೊರಗೆ ಚಾಚುತ್ತಾರೆ. ಹಿಂದೆ ಬರುತ್ತಿರುವುದು ನೀರುಕೋಳಿ ಮಾತ್ರ. ಯಾರಾದರೂ ನಕ್ಕರೆ, "ಅದಕ್ಕೂ ಜೀವ ಐತಲ್ರಿ" ಎನ್ನುತ್ತಾರೆ.

ಈಚೆಗೆ ಚಕ್ರ ಬಿಗಿಯಾಗತೊಡಗಿತು. ಕೇಬಲ್ಲಿನ ಮೇಲ್ಕವಚ ಬಿರಿದು, ನೀರಿಳಿದು, ಒಳಗಿನ ತಂತಿ ತುಕ್ಕು ಹಿಡಿದಿತ್ತು. ಗುತ್ತಿಗೆದಾರ ವಿರೂಪಾಕ್ಷಿ ಬಂದು ಬಗ್ಗಿ ನೋಡಿದ. ಕೆಟ್ಟವನಲ್ಲ, ಅವಸರದವನು. ನಮ್ಮಲ್ಲಿ ಹೆಚ್ಚು ಜನರನ್ನು ಮುಳುಗಿಸುವವರು ಈ ಎರಡನೆಯ ಜಾತಿಯವರೇ.

"ದಾವಲಣ್ಣ, ಟೇಪ್ ಸುತ್ತಿ ಎಣ್ಣಿ ಬಿಡು. ಭಾನುವಾರ ಸಿರುಗುಪ್ಪದಿಂದ ಒಂದು ಟ್ರ್ಯಾಕ್ಟರ್ ಹೆಣ್ಮಕ್ಕಳು ಬರ್ತಾರ. ಆಮ್ಯಾಲೆ ನೋಡೋಣು."

"ಆಮ್ಯಾಲೆ ಏನ್ ನೋಡೋದು ಸಾವ್ಕಾರ್ರ? ಕೆರಿ ತಳಾನೇನು?" ಎಂದು ದಾವಲಸಾಬರು ಕೀಲಿ ತೆಗೆದು ಕಿಸೆಗಿಳಿಸಿದರು.

"ಹಂಗಾದ್ರ ಬ್ಯಾರೆ ಡ್ರೈವರ್‌ನ ಕರೀತೀನಿ. ಮತ್ತ ನಿನಗ ಈ ಚಕ್ರ ಸಿಗಂಗಿಲ್ಲ ನೋಡು."

ಭಾನುವಾರದೊಳಗೆ ಹೊಸ ಕೇಬಲ್ ಕೂರಬೇಕು. ಇಲ್ಲದಿದ್ದರೆ ದಾವಲಸಾಬರ ಕೆಲಸವೂ ಹೋಗುತ್ತದೆ, ಅದೇ ಹಳೆಯ ಕೇಬಲ್ಲಿನ ಮೇಲೆ ಹೆಣ್ಣುಮಕ್ಕಳೂ ನೀರಿಗಿಳಿಯುತ್ತಾರೆ. ಅವರ ನಿದ್ದೆ ಕೆಡಿಸಿದ್ದು ಎರಡನೆಯದು.

ಅವರೇ ಹೇಳಿ ತರಿಸಿದ, ಹಳೆಯದರಷ್ಟೇ ಉದ್ದದ ಹೊಸ ಕೇಬಲ್ ಶನಿವಾರ ಪಾರ್ಸಲಿನಲ್ಲಿ ಬಂತು. ಕೂರಿಸಲು ದಾವಲಸಾಬರು ತಂಗಿ ಕುಲ್ಸುಂಬೀಯವರನ್ನು ಕರೆತಂದರು. ಕೌಲ್ ಬಜಾರಿನಲ್ಲಿ ಆಟೊಗಳಿಗೆ ಕ್ಲಚ್ಚು, ಬ್ರೇಕು ಕೇಬಲ್ ಹಾಕುವ ಅಂಗಡಿ ಅವರದು. ಹಳೆಯದನ್ನು ಎಳೆದು ತೆಗೆಯುತ್ತಲೇ ಶುರುವಾದರು: "ಯಾ ಅಲ್ಲಾ! ಭಾಯ್, ಇದನ್ನ ನಂಬಿ ಜನಾನ ಕೂಡಿಸ್ಕೊಂಡಿದ್ದೇನು? ಇದರ ಮ್ಯಾಲೆ ಬಟ್ಟಿ ಒಣಹಾಕಾಕೂ ನನಗ ಧೈರ್ಯ ಸಾಲಂಗಿಲ್ಲ."

ಚಕ್ರದ ಹಿಂದೆ ಹಲ್ಲುಗಾಲಿಯ ಗೇರು ಪೆಟ್ಟಿಗೆಯಿದೆ. ಅದಕ್ಕೆ ಎರಡು ಬಾಯಿ, ಕೇಬಲ್ ಯಾವುದರಿಂದಲೂ ಒಳಹೋಗುತ್ತದೆ; ಬಾಯಿ ಬದಲಾದರೆ ಎಂಜಿನ್ ಹೊರಳುವ ದಿಕ್ಕೂ ಬದಲಾಗುತ್ತದೆ. ಒಂದರಿಂದ ತೂರಿಸಿ, ಆಚೆ ತುದಿಯನ್ನು ಎಂಜಿನ್ನಿಗೆ ಬಿಗಿದು, ಚಕ್ರವನ್ನು ಬಲಕ್ಕೆ ತಿರುವಿದರು. ಎಂಜಿನ್ನಿನ ಮುಂಬದಿ ಎಡಕ್ಕೆ ಹೊರಳಿತು.

"ಉಲ್ಟಾ ಕುಂತೈತಿ ಭಾಯ್. ಆಟೊ ಗಾಲಿ ಹಂಗ ಬಲಕ್ಕ ಅಂದ್ರ ಬಲಕ್ಕಽ ನೋಡಬೇಕು."

ದಾವಲಸಾಬರೂ ಹೌದೆಂದರು. ಅವರು ದೋಣಿ ಓಡಿಸುವಾಗ ಮುಂದೆ ನೋಡುತ್ತಿದ್ದರೇ ಹೊರತು ಬೆನ್ನ ಹಿಂದಿನ ಎಂಜಿನ್ ಯಾವ ಕಡೆ ಹೊರಳುತ್ತದೆಂದು ಕಂಡವರಲ್ಲ. ಕೇಬಲ್ಲನ್ನು ಬಿಚ್ಚಿ ಇನ್ನೊಂದು ಬಾಯಿಂದ ತೂರಿಸಿದರು. ಅಣ್ಣ ತಂಗಿ ಚಹಾ ಕುಡಿದು ಮನೆಗೆ ಹೋದರು.

ಭಾನುವಾರ ಬೆಳಿಗ್ಗೆ ಯಾರನ್ನೂ ಹತ್ತಿಸದೆ ಇಬ್ಬರೇ ಒಂದು ಸುತ್ತಿಗೆ ಹೊರಟರು. ಅಷ್ಟರಲ್ಲಿ ದಂಡೆಗೆ ಟ್ರ್ಯಾಕ್ಟರೂ ಬಂತು. ದಾವಲಸಾಬರು ಕೈ ಚಾಚಿ ಬಲಕ್ಕೆ ತಿರುವಿದರು. ದೋಣಿ ಎಡಕ್ಕೆ ಹೋಯಿತು. ಇನ್ನಷ್ಟು ಬಲಕ್ಕೆ ತಿರುವಿದರು. ನೆಟ್ಟಗೆ ಜೊಂಡಿನೊಳಗೆ ನುಗ್ಗಿತು.

"ಬಲಕ್ಕ ಭಾಯ್, ಬಲಕ್ಕ!"

"ಬಲಕ್ಕಽ ತಿರುವೀನಲೇ!"

ದಂಡೆಯಿಂದ ಒಂದು ದನಿ ಬಂತು. ಸಿರುಗುಪ್ಪದ ಭತ್ತದ ನಾಟಿ ಹಚ್ಚುವ ಗುಂಪಿನ ಮುಂದಾಳು ಚನ್ನಬಸಮ್ಮ: "ಯಣ್ಣಾ, ದೋಣಿಗೆ ಹಸಿವಾಗೈತೇನು? ಜೊಂಡು ಮೇಯಾಕ ಹೊಂಟೈತಿ!"

ಜೊಂಡಿನಲ್ಲೇ ಕೂತು ಅಣ್ಣ ತಂಗಿಗೆ ಹೊಳೆಯಿತು. ಆಟೊ ತನ್ನ ಮುಂದಿನ ಗಾಲಿಯ ಬೆನ್ನು ಹಿಡಿದು ಹೋಗುತ್ತದೆ. ದೋಣಿಯನ್ನು ಎಂಜಿನ್ ಹಿಂದಿನಿಂದ ನೂಕುತ್ತದೆ. ದೋಣಿ ಬಲಕ್ಕೆ ಹೋಗಬೇಕಾದರೆ ಎಂಜಿನ್ನಿನ ಮುಂಬದಿ ಎಡಕ್ಕೇ ಹೊರಳಬೇಕು. ಮೊದಲು ಕೂರಿಸಿದ್ದೇ ಸರಿಯಿತ್ತು! ಕುಲ್ಸುಂಬೀ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಹುಟ್ಟು ಹಾಕುತ್ತಾ ದಂಡೆಗೆ ಮರಳಿದರು.

ವಿರೂಪಾಕ್ಷಿ ಕಾದು ನಿಂತಿದ್ದ. "ಇರ್ಲಿ ಬಿಡು ದಾವಲಣ್ಣ. ಉಲ್ಟಾ ಐತಿ ಅಂತ ಗೊತ್ತಾತಲ್ಲ? ನೀನೂ ಉಲ್ಟಾ ತಿರುವು. ಇಲ್ಲಾಂದ್ರ ಕೀಲಿ ಕೊಡು."

"ಹೆದರಿದಾಗ ಕೈ ನನ್ನ ಮಾತು ಕೇಳಂಗಿಲ್ಲ ಸಾವ್ಕಾರ್ರ. ರೂಢಿ ಬಿದ್ದ ಕಡೀಗೇ ತಿರುವತೈತಿ. ಕೀಲಿ ಕೊಡಂಗಿಲ್ಲ."

ವಿರೂಪಾಕ್ಷಿ ಹೆಣ್ಣುಮಕ್ಕಳ ಕಡೆ ತಿರುಗಿದ: "ನೋಡ್ರಬೇ, ಇವ್ನ ಸಲುವಾಗಿ ನಿಮಗ ತಡ."

"ದಿನಾ ಮೊಣಕಾಲ ಮಟ ಕೆಸರಾಗ ನಿಲ್ಲೋರು ನಾವು. ಕುಂದ್ರಾಕ ಸಿಕ್ರ ಬ್ಯಾಡ ಅಂತೀವೇನು?" ಎಂದರು ಚನ್ನಬಸಮ್ಮ. "ಬುತ್ತಿ ಬಿಚ್ರೇ! ಈ ಯಪ್ಪಗೂ ಒಂದು ರೊಟ್ಟಿ ಕೊಡ್ರಿ, ಬಾಯಿಗೆ ಕೆಲಸ ಆಗ್ಲಿ."

ಬೇವಿನ ಮರದಡಿ ರೊಟ್ಟಿ, ಶೇಂಗಾ ಚಟ್ನಿ ಹರಡಿದವು. ಸಾವ್ಕಾರನ ಬಾಯಿಗೆ ನಿಜಕ್ಕೂ ಕೆಲಸ ಸಿಕ್ಕಿತು. ಕುಲ್ಸುಂಬೀ ಕೇಬಲ್ಲನ್ನು ಮತ್ತೆ ಮೊದಲ ಬಾಯಿಂದ ತೂರಿಸಿದರು. "ಇನ್ನ ನಿದ್ದ್ಯಾಗೂ ಹಾಕ್ತೀನಿ ಇದನ್ನ" ಎಂದರು. ದಾವಲಸಾಬರು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಬಲಕ್ಕೆ ಬಲ, ಎಡಕ್ಕೆ ಎಡ.

ದೋಣಿ ಹತ್ತುವ ಹಲಗೆಯ ಮೇಲೆ ಒಂದು ಕಾಲಿಟ್ಟ ಚನ್ನಬಸಮ್ಮ ಅಲ್ಲೇ ನಿಂತರು. "ಯಣ್ಣಾ, ನನ್ನ ಕಣ್ಣ ಮುಂದ ಒಮ್ಮಿ ತಿರುವಿ ತೋರ್ಸು." ದಾವಲಸಾಬರು ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ತಿರುವಿದರು. ಎಂಜಿನ್ ತಡವರಿಸದೆ ಹೊರಳಿತು. ಆಮೇಲೆಯೇ ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಹತ್ತಿದ್ದು. ನಡುಗೆರೆಯಲ್ಲಿ ದಾವಲಸಾಬರು ಕೈ ಚಾಚಿದರು. ದೋಣಿಯ ತುಂಬ ಬಳೆಗೈಗಳು ಚಾಚಿಕೊಂಡವು. ನೀರುಕೋಳಿಗಳು ದಾರಿ ಬಿಟ್ಟವು.

ಸಂಜೆ ವಿರೂಪಾಕ್ಷಿ ಕೀಲಿ ಕೇಳಲಿಲ್ಲ.

ಪ್ರತಿ ಕೆರೆಯಲ್ಲೂ ಕೀಲಿಯನ್ನು ಕಿಸೆಗಿಳಿಸುವ ದಾವಲಸಾಬರು ಇರುವುದಿಲ್ಲ. ಟೇಪ್ ಸುತ್ತುವವರು ಇರುತ್ತಾರೆ, ಯಾಕೆಂದರೆ ನಾವು ಕೇಳುವುದಿಲ್ಲ. ಮುಂದಿನ ಸಲ ದೋಣಿಗೆ ಕಾಲಿಡುವ ಮೊದಲು ಹಲಗೆಯ ಮೇಲೆ ನಿಲ್ಲಿ. ಚಕ್ರವನ್ನು ಎರಡೂ ಕೊನೆಗೆ ತಿರುವಿ ತೋರಿಸಿ ಎಂದು ಕೇಳಿ, ಎಂಜಿನ್ ಹೊರಳುತ್ತದೆಯೇ ನೋಡಿ. ತೋರಿಸದಿದ್ದರೆ, ಹೊರಳದಿದ್ದರೆ ಹತ್ತಬೇಡಿ, ಹತ್ತಿ ಕೂತವರನ್ನೂ ಇಳಿಸಿ.