ಹಡಗಿನ ಪೊರ್ಬುಗಳು

ಅವರ ಬಲ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯಷ್ಟು ಗಡುಸು. ಕೇಳುವ ಕೆಲಸವೂ ಅದರದೇ. ನೌಕಾಪಡೆಯ ಹಡಗೊಂದರ ಇಂಜಿನ್ ಕೋಣೆಯಲ್ಲಿ ದುಡಿದು ಕಿವಿಗಳು ಮುಕ್ಕಾಲು ಹೋಗಿದ್ದವು. ಹೊಸಂಗಡಿಯಲ್ಲಿ ಬಸ್ಸು ಹತ್ತುವ ಮೊದಲು ಅದರ ಮೈಗೆ ಅಂಗೈ ಒತ್ತಿ, "ಇದಕ್ಕೆ ಕೆಮ್ಮು ಉಂಟು, ಮುಂದಿನದ್ದರಲ್ಲಿ ಹೋಗುವ" ಎನ್ನುತ್ತಿದ್ದರು. ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಮುಂದಿನ ಬಸ್ಸಿಗೆ ಕಾಯುತ್ತಲೂ ಇದ್ದೆ.

ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಪೊರ್ಬುಗಳೆನ್ನುವುದು ರೂಢಿ. ನೆರೆಮನೆಯ ಇವರು ಹಡಗಿನ ಪೊರ್ಬುಗಳು, ನನಗೆ ಸ್ಕೂಟರ್ ಕಲಿಸಿದವರು. ಕಣ್ಣು ಮಂಜಾಗಿ ಸವಾರಿ ಬಿಟ್ಟ ಮೇಲೂ ಪ್ರತಿ ಭಾನುವಾರ ಇಗರ್ಜಿಯಿಂದ ಬಂದು ಆ ಸ್ಕೂಟರನ್ನು ಅಂಗಳದಲ್ಲೇ ಸ್ಟಾರ್ಟ್ ಮಾಡುತ್ತಿದ್ದರು. "ತಿರುಗಿಸದೆ ಇಟ್ಟರೆ ಇಂಜಿನ್ ಹಿಡ್ಕೊಳ್ತದೆ ಮಾರಾಯ. ಮನುಷ್ಯನೂ ಅಷ್ಟೆ."

ತಮ್ಮ ಹಡಗನ್ನು ಮ್ಯೂಸಿಯಂ ಮಾಡಿದ್ದಾರೆಂದು ತಿಳಿದಂದಿನಿಂದ ಅವರದು ಒಂದೇ ಜಪ: ಇನ್ನೊಮ್ಮೆ ಆ ಇಂಜಿನ್ ಮೇಲೆ ಕೈ ಇಡಬೇಕು. ಜನರಿಗೆ ತೋರಿಸಲು ಇಟ್ಟ ಹಡಗನ್ನು ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿಯೇ ಮಾಡುತ್ತಾರೆಂದು ನಂಬಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನೊಂದಿಗೆ ರೈಲು ಹತ್ತಿದರು.

ದೂರದ ಆ ಕಡಲತೀರದಲ್ಲಿ ಹಡಗು ಸಿಮೆಂಟಿನ ಕಟ್ಟೆಯ ಮೇಲೆ ಕೂತಿತ್ತು. ಇಂಜಿನ್ ಕೋಣೆಯಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಸಮವಸ್ತ್ರ ತೊಟ್ಟ ಗೊಂಬೆ. ಪೊರ್ಬುಗಳು ಇಂಜಿನ್ ಇರಬೇಕಾದ ಕಡೆಯ ಗೋಡೆಗೆ ಅಂಗೈ ಒತ್ತಿದರು. ಜಾಗ ಬದಲಿಸಿ ಒತ್ತಿದರು. "ಇವತ್ತು ಸ್ಟಾರ್ಟ್ ಮಾಡುದಿಲ್ವಾ?" ಎಂದು ಗೈಡನ್ನು ಕೇಳಿದರು.

"ಇಂಜಿನ್ ಎಲ್ಲಿದೆ ಅಜ್ಜಾ? ಅದು ಯಾವಾಗಲೋ ಗುಜರಿಗೆ ಹೋಯ್ತು."

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಬಾಯಿ ಹಚ್ಚಿ ನಾನೇ ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವ ಗತಿ ನನ್ನ ವೈರಿಗೂ ಬೇಡ.

"ನಮ್ಮಲ್ಲಿ ಒಬ್ಬ ಸತ್ತರೆ ಇಗರ್ಜಿಯಲ್ಲಿ ಗಂಟೆಯಾದರೂ ಹೊಡೀತಾರೆ," ಎಂದರು ಮರಳುವ ರೈಲಿನಲ್ಲಿ.

ಆಮೇಲಿನ ಭಾನುವಾರಗಳಲ್ಲಿ ಅವರ ಅಂಗಳದಿಂದ ಸದ್ದು ಬರಲಿಲ್ಲ. ನಾನು ಸ್ಟಾರ್ಟ್ ಮಾಡಲೇ ಎಂದರೆ, "ಎಂತಕ್ಕೆ? ಬಿಡು," ಎನ್ನುತ್ತಿದ್ದರು. ಬಸ್ಸಿಗೆ ಕೈ ಇಡುವುದನ್ನೂ ಬಿಟ್ಟರು, ಬಂದದ್ದನ್ನು ಹತ್ತಿದರು. ಆ ಮಳೆಗಾಲದಲ್ಲಿ ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ. ಮಳೆ ಬಿಡುವ ಹೊತ್ತಿಗೆ ಅವರಿಗಾಗಿ ಇಗರ್ಜಿಯ ಗಂಟೆ ಹೊಡೆಯಿತು.

ಮಣ್ಣು ಹಾಕಿ ಬಂದ ಮೇಲೆ ಅವರ ಹೆಂಡತಿ ಬಾಯಮ್ಮ ಸ್ಕೂಟರಿನ ಕೀ ನನ್ನ ಕೈಗೆ ಕೊಟ್ಟರು. "ನೀನೇ ಇಟ್ಟುಕೋ ಮಗಾ. ಒಮ್ಮೆ ಸ್ಟಾರ್ಟ್ ಮಾಡು, ಮನೆಯಲ್ಲಿ ಒಂದು ಶಬ್ದ ಇಲ್ಲ."

ಅಂಗಳಕ್ಕೆ ತಂದು ಕಿಕ್ ಹೊಡೆದೆ. ಮತ್ತೆ ಹೊಡೆದೆ. ಕಿಕ್ಕರ್ ಕೆಳಗಿಳಿಯಲಿಲ್ಲ; ಇಂಜಿನ್ ಹಿಡಿದುಕೊಂಡಿತ್ತು. ಬಾಯಮ್ಮ ಬಾಗಿಲಲ್ಲಿ ಕಾಯುತ್ತಲೇ ಇದ್ದರು.